ರೆಕಾರ್ಡ್ ಮಾಡಿದ ಮ್ಯಾಕ್ರೋವನ್ನು ತಿದ್ದುವುದು ಹೇಗೆ?
(ಹೊಸಬರಿಗೆ ಒಂದು ಪಾಠ)

ಸಾಹಿತ್ಯ ಸಂಘದ ಪತ್ರಿಕೆಯಲ್ಲಿ ಎಕ್ಸೆಲ್ ಪಾಠವೇ ಅಂತ ಮೂಗು ಮುರಿಯುವವರಿಗೆ ಮೊದಲೇ ಎರಡು ಮಾತು ಹೇಳಿಬಿಡುತ್ತೇನೆ. ಒಂದು: ಸಂಘ ಅಂದರೆ ಕವಿಗೋಷ್ಠಿ ಮಾತ್ರವಲ್ಲ, ಚಂದಾ ಪಟ್ಟಿಯೂ ಹೌದು. ಪಟ್ಟಿ ನೆಟ್ಟಗಿಲ್ಲದಿದ್ದರೆ ಗೋಷ್ಠಿಗೆ ಚಹಾ ಸಹ ಹುಟ್ಟುವುದಿಲ್ಲ. ಎರಡು: ಮ್ಯಾಕ್ರೋ ಎನ್ನುವುದೂ ಒಂದು ಬರಹವೇ. ಕರಡನ್ನು ಓದಿ, ಬೇಡದ ಸಾಲನ್ನು ಹೊಡೆದುಹಾಕಿ, ತೊಡಕಾದದ್ದನ್ನು ಬಿಡಿಸಿ ಬರೆಯುವ ಕೆಲಸ ನಮಗೆ ಹೊಸದೇನಲ್ಲ. ಇಲ್ಲಿಯೂ ಮಾಡಬೇಕಾದದ್ದು ಅದೇ. ಅಲ್ಲದೆ ನಮ್ಮಲ್ಲಿ ಕಾಮರ್ಸ್‌ನವರು ಬಹಳ. ನಾಳೆ ಫೋರ್ಟ್‌ನಲ್ಲೋ ಅಂಧೇರಿಯಲ್ಲೋ ಆಫೀಸಿನ ಮೇಜಿಗೆ ಕೂತ ಮೊದಲ ವಾರವೇ ಈ ವಿದ್ಯೆ ಬೇಕಾಗುತ್ತದೆ.

ಈ ಪುಟಗಳು ಕನ್ನಡ ಅಕ್ಷರದವು. ಆದ್ದರಿಂದ ಯಂತ್ರಕ್ಕೆ ಕೊಡುವ ಸೂಚನೆಗಳನ್ನೂ ಉಚ್ಚಾರದಂತೆ ಕನ್ನಡದಲ್ಲೇ ಬರೆದಿದ್ದೇನೆ. ನೀವು ಕಂಪ್ಯೂಟರಿನಲ್ಲಿ ಬರೆಯುವಾಗ ಇಂಗ್ಲಿಷ್ ಕಾಗುಣಿತದಲ್ಲೇ ಬರೆಯಬೇಕು. ಕಾಗುಣಿತ ಗೊತ್ತಾಗದಿದ್ದರೆ ರೆಕಾರ್ಡರೇ ಬರೆದುಕೊಟ್ಟ ಸಾಲುಗಳನ್ನು ಎದುರಿಗೆ ಇಟ್ಟುಕೊಳ್ಳಿ. ಬಹುಪಾಲು ಶಬ್ದಗಳು ಅಲ್ಲೇ ಸಿಗುತ್ತವೆ.

1. ರೆಕಾರ್ಡರ್ ಏನು ಮಾಡುತ್ತದೆ?

ಲೆಕ್ಕದ ಹಾಳೆಯನ್ನು ಕಂಪ್ಯೂಟರಿಗೆ ತಂದ ವಿಸಿಕ್ಯಾಲ್ಕ್ ಬಂದದ್ದು 1979ರಲ್ಲಿ. 1983ರಲ್ಲಿ ಬಂದ ಲೋಟಸ್ 1-2-3ರಲ್ಲಿ ಮ್ಯಾಕ್ರೋ ಅಂದರೆ ಒತ್ತಬೇಕಾದ ಕೀಲಿಗಳನ್ನು ಸಾಲಾಗಿ ಸೆಲ್ಲಿನಲ್ಲಿ ಬರೆದಿಡುವುದು. ಎಕ್ಸೆಲ್ 1985ರಲ್ಲಿ ಮೊದಲು ಮೆಕಿಂಟೋಷ್‌ಗೆ, 1987ರಲ್ಲಿ ವಿಂಡೋಸ್‌ಗೆ ಬಂತು. 1993ರ ಎಕ್ಸೆಲ್ 5ರಿಂದ ಮ್ಯಾಕ್ರೋಗಳು ವಿಬಿಎ ಎಂಬ ಭಾಷೆಯಲ್ಲಿ ದಾಖಲಾಗುತ್ತ ಬಂದಿವೆ. ಅಂದರೆ ಇವತ್ತು ನೀವು ರೆಕಾರ್ಡ್ ಬಟನ್ ಒತ್ತಿದರೆ, ಎಕ್ಸೆಲ್ ನಿಮ್ಮ ಹಿಂದೆ ನಿಂತು, ನೀವು ಮಾಡಿದ್ದನ್ನೆಲ್ಲ ಆ ಭಾಷೆಯಲ್ಲಿ ಬರೆದುಕೊಳ್ಳುತ್ತದೆ.

ವ್ಯೂ ಎಂಬ ಪಟ್ಟಿಯಲ್ಲಿ ಮ್ಯಾಕ್ರೋಸ್, ಅದರೊಳಗೆ ರೆಕಾರ್ಡ್ ಮ್ಯಾಕ್ರೋ. ಕೆಲಸ ಮುಗಿದ ಮೇಲೆ ಸ್ಟಾಪ್ ರೆಕಾರ್ಡಿಂಗ್. ಇಷ್ಟು ಮಾಡಿದರೆ ಮ್ಯಾಕ್ರೋ ಸಿದ್ಧ. ಆಮೇಲೆ ಆಲ್ಟ್ ಮತ್ತು ಎಫ್8 ಕೀಲಿ ಒತ್ತಿ, ಹೆಸರು ಆರಿಸಿ ರನ್ ಅಂದರೆ ಅರ್ಧ ಗಂಟೆಯ ಕೆಲಸ ಅರೆಗಳಿಗೆಯಲ್ಲಿ ಮುಗಿಯುತ್ತದೆ. ಹೊಸಬರಿಗೆ ಇದು ಪವಾಡದ ಹಾಗೆ ಕಾಣುವುದು ಸಹಜ.

ಆದರೆ ಒಂದು ಮಾತು ಮನಸ್ಸಿನಲ್ಲಿರಲಿ. ರೆಕಾರ್ಡರ್ ನಿಮ್ಮ ಕೈಯನ್ನು ನೋಡುತ್ತದೆ, ಮನಸ್ಸನ್ನು ನೋಡುವುದಿಲ್ಲ. 'ಪಟ್ಟಿಯನ್ನೆಲ್ಲ ಆರಿಸಿದೆ' ಅಂತ ನೀವು ತಿಳಿದಿರುತ್ತೀರಿ. ಅದು 'ಎ1ರಿಂದ ಇ58ರ ತನಕ ಆರಿಸಿದರು' ಅಂತ ಬರೆದುಕೊಂಡಿರುತ್ತದೆ. ಇವತ್ತು ಎರಡಕ್ಕೂ ಅರ್ಥ ಒಂದೇ. ನಾಳೆ ಒಬ್ಬ ಸದಸ್ಯ ಹೆಚ್ಚಾದರೆ ಎರಡೂ ಬೇರೆ. ಸ್ಟೆನ್ಸಿಲ್ ಕೊರೆದು ಅಭ್ಯಾಸವಿರುವವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ: ಸ್ಟೆನ್ಸಿಲ್ಲಿನಲ್ಲಿ ಒಂದು ಅಕ್ಷರ ತಪ್ಪಿದರೆ ಇನ್ನೂರು ಪ್ರತಿಗಳಲ್ಲೂ ಅದೇ ತಪ್ಪು, ಒಂದೇ ಅಂದದಲ್ಲಿ.

2. ಒಂದು ಉದಾಹರಣೆ

ಮುಂಬಯಿಯ ಒಂದು ಸಂಘ ಅಂತ ಇಟ್ಟುಕೊಳ್ಳಿ. 57 ಸದಸ್ಯರು. ಹಾಳೆಯ ಮೊದಲ ಸಾಲಿನಲ್ಲಿ ತಲೆಬರಹ. 2ರಿಂದ 58ನೆಯ ಸಾಲಿನ ತನಕ ಸದಸ್ಯರು. ಎ ಕಾಲಮಿನಲ್ಲಿ ಸದಸ್ಯ ಸಂಖ್ಯೆ, ಬಿ ಹೆಸರು, ಸಿ ಸ್ಟೇಷನ್, ಡಿ ಚಂದಾ, ಇ ಕೊಟ್ಟ ತಾರೀಕು. ಮುಂಬಯಿಯಲ್ಲಿ ಚಂದಾ ಎತ್ತುವವರು ಸ್ಟೇಷನ್ ಲೆಕ್ಕದಲ್ಲೇ ಓಡಾಡುವುದು. ಹಾಗಾಗಿ ಪಟ್ಟಿಯನ್ನು ಸ್ಟೇಷನ್ ಪ್ರಕಾರ ಜೋಡಿಸಿ, ತಲೆಬರಹವನ್ನು ದಪ್ಪ ಅಕ್ಷರ ಮಾಡಿ, ಕೆಳಗೆ ಒಟ್ಟು ಮೊತ್ತ ಹಾಕುವುದು ಪ್ರತಿ ತಿಂಗಳ ಕೆಲಸ. ಕಾರ್ಯದರ್ಶಿ ಇದನ್ನು ಒಮ್ಮೆ ಮಾಡಿ ರೆಕಾರ್ಡ್ ಮಾಡಿದರು. ಒಳಗೆ ದಾಖಲಾದದ್ದು, ಸ್ವಲ್ಪ ಚುಟುಕು ಮಾಡಿ ಹೇಳುವುದಾದರೆ, ಹೀಗೆ:

ಸಬ್ ಮ್ಯಾಕ್ರೋ1()
ರೇಂಜ್("ಎ1:ಇ1").ಸೆಲೆಕ್ಟ್
ಸೆಲೆಕ್ಷನ್.ಫಾಂಟ್.ಬೋಲ್ಡ್ = ಟ್ರೂ
ಆಕ್ಟಿವ್‌ವಿಂಡೋ.ಸ್ಮಾಲ್‌ಸ್ಕ್ರೋಲ್ ಡೌನ್:=12
ರೇಂಜ್("ಎ1:ಇ58").ಸೆಲೆಕ್ಟ್
(ಇಲ್ಲಿ ಶೀಟ್1ನ ಎ1:ಇ58 ಭಾಗವನ್ನು ಸಿ2:ಸಿ58ರ ಪ್ರಕಾರ ಜೋಡಿಸುವ ಏಳೆಂಟು ಸಾಲು)
ರೇಂಜ್("ಡಿ59").ಸೆಲೆಕ್ಟ್
ಆಕ್ಟಿವ್‌ಸೆಲ್.ಫಾರ್ಮುಲಾಆರ್1ಸಿ1 = "=ಸಮ್(ಆರ್[-57]ಸಿ:ಆರ್[-1]ಸಿ)"
ಎಂಡ್ ಸಬ್

ಕೊನೆಯ ಸಾಲನ್ನು ನೋಡಿ ಹೆದರಬೇಡಿ. 'ನಾನು ನಿಂತ ಸೆಲ್ಲಿನಿಂದ 57 ಸಾಲು ಮೇಲಿನಿಂದ ಹಿಡಿದು, ಒಂದು ಸಾಲು ಮೇಲಿನ ತನಕ ಕೂಡು' ಎಂದಷ್ಟೇ ಅದರ ಅರ್ಥ.

ಈ ಮ್ಯಾಕ್ರೋ ಮೊದಲ ತಿಂಗಳು ಸರಿಯಾಗಿ ಓಡುತ್ತದೆ. ಎಲ್ಲರೂ 200 ರೂಪಾಯಿ ಕೊಟ್ಟಿದ್ದರೆ ಡಿ59ರಲ್ಲಿ 11,400 ಬರುತ್ತದೆ. ಸಂತೋಷ. ಮುಂದಿನ ತಿಂಗಳು ಮೊತ್ತವಿಲ್ಲದ ಹೊಸ ಹಾಳೆ ತೆಗೆದು, 58ನೆಯ ಸದಸ್ಯನ ಹೆಸರನ್ನು 59ನೆಯ ಸಾಲಿನಲ್ಲಿ ಬರೆದು, ಆತನ 200 ರೂಪಾಯಿಯನ್ನೂ ಹಾಕಿ ಮ್ಯಾಕ್ರೋ ಓಡಿಸಿದರೆ ಏನಾಗುತ್ತದೆ? ಜೋಡಣೆ 58ನೆಯ ಸಾಲಿಗೇ ನಿಲ್ಲುತ್ತದೆ. ಹೊಸಬ ಘಾಟ್ಕೋಪರ್‌ನವನಾದರೂ ಎಲ್ಲರ ಕೆಳಗೆ ಒಂಟಿಯಾಗಿ ಉಳಿಯುತ್ತಾನೆ. ಆಮೇಲೆ ಮ್ಯಾಕ್ರೋ ನೆಟ್ಟಗೆ ಡಿ59ಕ್ಕೆ ಹೋಗಿ, ಅಲ್ಲಿದ್ದ ಆತನ 200ನ್ನು ಅಳಿಸಿ, ಮೊತ್ತ ಬರೆಯುತ್ತದೆ. ಆತನ ಹೆಸರಿನ ಎದುರು 11,400! ಪೆಟ್ಟಿಗೆಯಲ್ಲಿ ಇರುವುದು 11,600. ಕಂಪ್ಯೂಟರು ಒಂದು ಮಾತೂ ಆಡುವುದಿಲ್ಲ, ಕೆಂಪು ಗುರುತೂ ತೋರಿಸುವುದಿಲ್ಲ.

ಇದಕ್ಕಿಂತ ಕೆಟ್ಟದ್ದೊಂದಿದೆ. ಖಜಾಂಚಿ ಎಫ್ ಕಾಲಮಿನಲ್ಲಿ ರಸೀತಿ ಸಂಖ್ಯೆ ಬರೆಯಲು ಶುರು ಮಾಡಿದರು ಅನ್ನೋಣ. ಕ್ರಮವಾಗಿ ಮೂರು ಸಾಲು: ಮುಲುಂಡ್‌ನ ಕುಲಕರ್ಣಿಯವರು ಚಂದಾ ಕೊಟ್ಟಿದ್ದಾರೆ, ರಸೀತಿ 41. ಘಾಟ್ಕೋಪರ್‌ನ ಶೆಟ್ಟರು ಕೊಟ್ಟಿದ್ದಾರೆ, ರಸೀತಿ 42. ಡೊಂಬಿವಲಿಯ ಪಾಟೀಲರು ಇನ್ನೂ ಕೊಟ್ಟಿಲ್ಲ, ರಸೀತಿ ಜಾಗ ಖಾಲಿ. ಮ್ಯಾಕ್ರೋಗೆ ಗೊತ್ತಿರುವುದು ಎಯಿಂದ ಇ ತನಕ ಮಾತ್ರ. ಅದು ಘಾಟ್ಕೋಪರ್, ಡೊಂಬಿವಲಿ, ಮುಲುಂಡ್ ಅಂತ ಹೆಸರುಗಳನ್ನು ಜೋಡಿಸುತ್ತದೆ. ರಸೀತಿಗಳು ಇದ್ದಲ್ಲೇ ಇರುತ್ತವೆ. ಈಗ ಶೆಟ್ಟರ ಎದುರು ಕುಲಕರ್ಣಿಯವರ 41, ಕೊಡದ ಪಾಟೀಲರ ಎದುರು ಶೆಟ್ಟರ 42, ಕೊಟ್ಟ ಕುಲಕರ್ಣಿಯವರ ಎದುರು ಖಾಲಿ. ಇದೇ ಕೆಲಸವನ್ನು ಕೈಯಿಂದ ಮಾಡಿ, ಒಂದೇ ಕಾಲಂ ಆರಿಸಿದ್ದರೆ 'ಪಕ್ಕದಲ್ಲೂ ಬರಹವಿದೆ, ಸೇರಿಸಲೇ?' ಅಂತ ಎಕ್ಸೆಲ್ ಕೇಳುವುದುಂಟು. ಮ್ಯಾಕ್ರೋ ಓಡುವಾಗ ಅದು ಕೇಳುವುದಿಲ್ಲ.

ಚಂದಾ ಕೊಟ್ಟ ಮನುಷ್ಯನಿಗೆ 'ನಿಮ್ಮದು ಬಾಕಿಯಿದೆ' ಅಂತ ಪತ್ರ ಹೋದರೆ ಆತ ಮುಂದಿನ ಸಭೆಗೆ ಬರುವುದಿಲ್ಲ. ಬಂದರೂ ಮೊದಲಿನ ಮುಖ ಇರುವುದಿಲ್ಲ. ಹೋದದ್ದು 200 ರೂಪಾಯಿಯಲ್ಲ, ನಂಬಿಕೆ. ಅಷ್ಟೇ ಅಲ್ಲ, ಮ್ಯಾಕ್ರೋ ಹಾಳೆಯನ್ನು ಬದಲಿಸಿದ ಮೇಲೆ ಕಂಟ್ರೋಲ್ ಜೆಡ್ ಒತ್ತಿ ಹಿಂದಕ್ಕೆ ಬರುವಂತಿಲ್ಲ. ಆದ್ದರಿಂದಲೇ ತಿದ್ದದ ಮ್ಯಾಕ್ರೋವನ್ನು ಇನ್ನೊಬ್ಬರ ಹಣ, ಇನ್ನೊಬ್ಬರ ಹೆಸರು ಇರುವ ಹಾಳೆಯ ಮೇಲೆ ಬಿಡಬಾರದು.

3. ತಿದ್ದುವ ಮೊದಲು

ಕಡತದ ಒಂದು ನಕಲು ಮಾಡಿ, ನಕಲಿನ ಮೇಲೆ ಕೆಲಸ ಮಾಡಿ. ಕಡತವನ್ನು ಉಳಿಸುವಾಗ ಎಕ್ಸ್‌ಎಲ್‌ಎಸ್‌ಎಂ ಎಂಬ ಬಗೆಯಲ್ಲಿ ಉಳಿಸಬೇಕು. ಮಾಮೂಲಿ ಎಕ್ಸ್‌ಎಲ್‌ಎಸ್‌ಎಕ್ಸ್‌ನಲ್ಲಿ ಮ್ಯಾಕ್ರೋ ಉಳಿಯುವುದಿಲ್ಲ. ಈ ವ್ಯವಸ್ಥೆ 2007ರ ಎಕ್ಸೆಲ್‌ನಿಂದ ಬಂದದ್ದು.

ಆಲ್ಟ್ ಮತ್ತು ಎಫ್11 ಒತ್ತಿದರೆ ಸಂಪಾದಕ ಕಿಟಕಿ ತೆರೆಯುತ್ತದೆ. ಎಡಗಡೆ ಮಾಡ್ಯೂಲ್1 ಅಂತ ಇರುವುದರ ಮೇಲೆ ಎರಡು ಸಲ ಒತ್ತಿದರೆ ನಿಮ್ಮ ಮ್ಯಾಕ್ರೋ ಕಾಣುತ್ತದೆ. ಈಗ ಅದರೊಳಗೆ ಕರ್ಸರ್ ಇಟ್ಟು ಎಫ್8 ಒತ್ತಿ. ಒಂದು ಸಲ ಒತ್ತಿದರೆ ಒಂದು ಸಾಲು ಓಡುತ್ತದೆ, ಅಷ್ಟೇ. ಎಕ್ಸೆಲ್ ಹಾಳೆಯನ್ನೂ ಸಂಪಾದಕವನ್ನೂ ಅಕ್ಕಪಕ್ಕ ಇಟ್ಟುಕೊಂಡು ಒಂದೊಂದೇ ಸಾಲನ್ನು ಓಡಿಸಿ ನೋಡಿ. 'ಓಹೋ, ದಪ್ಪ ಅಕ್ಷರ ಆಗುವುದು ಈ ಸಾಲಿನಿಂದ', 'ಇದೇನೂ ಮಾಡಲಿಲ್ಲವಲ್ಲ' ಅಂತ ತಾನಾಗಿ ತಿಳಿಯುತ್ತದೆ. ಹಳೆಗನ್ನಡದ ಪದ್ಯವನ್ನು ಅನ್ವಯ ಮಾಡಿ ಓದುತ್ತೇವಲ್ಲ, ಹಾಗೆ. ಇದಕ್ಕಿಂತ ಒಳ್ಳೆಯ ಮೇಷ್ಟ್ರು ಇಲ್ಲ.

ಪ್ರತಿ ಸಾಲಿಗೂ ಒಂದು ಪ್ರಶ್ನೆ ಹಾಕಿ: ಇದನ್ನು ಮಾಡುವಾಗ ನನ್ನ ಮನಸ್ಸಿನಲ್ಲಿ ಏನಿತ್ತು? ಉತ್ತರ ಸಿಕ್ಕಿದರೆ ತಿದ್ದುವುದು ಸುಲಭ.

4. ಬೇಡದ ಸಾಲುಗಳು

ಮೊದಲು ಹೊಡೆದುಹಾಕಬೇಕಾದದ್ದು ಸ್ಕ್ರೋಲ್ ಸಾಲು. ಹಾಳೆಯನ್ನು ಕೆಳಗೆ ಸರಿಸಿದ್ದು ನಿಮ್ಮ ಕಣ್ಣಿಗೋಸ್ಕರ, ಕೆಲಸಕ್ಕೋಸ್ಕರ ಅಲ್ಲ.

ಎರಡನೆಯದು ಸೆಲೆಕ್ಟ್ ಮತ್ತು ಸೆಲೆಕ್ಷನ್ ಜೋಡಿ. ನಾವು ಮನುಷ್ಯರು ಮೊದಲು ಆರಿಸಬೇಕು, ಆಮೇಲೆ ಕೆಲಸ ಮಾಡಬೇಕು. ವಿಬಿಎಗೆ ಆ ಕಟ್ಟು ಇಲ್ಲ. ಎರಡು ಸಾಲನ್ನು ಒಂದು ಮಾಡಿದರೆ ಸಾಕು:

ರೇಂಜ್("ಎ1:ಇ1").ಫಾಂಟ್.ಬೋಲ್ಡ್ = ಟ್ರೂ

'ಎ1ರಿಂದ ಇ1ರ ತನಕ ಆರಿಸು. ಆರಿಸಿದ್ದನ್ನು ದಪ್ಪ ಮಾಡು' ಎಂಬುದು 'ಎ1ರಿಂದ ಇ1ನ್ನು ದಪ್ಪ ಮಾಡು' ಅಂತಾಯಿತು. ವೇಗ ಹೆಚ್ಚುತ್ತದೆ, ಪರದೆ ಮಿಣಿಮಿಣಿ ಅನ್ನುವುದು ನಿಲ್ಲುತ್ತದೆ. ಅದಕ್ಕಿಂತ ಮುಖ್ಯವಾದದ್ದು, 'ಆರಿಸಿದ್ದು' ಎಂಬ ಶಬ್ದ ಯಾವುದನ್ನು ಹೇಳುತ್ತಿದೆ ಅಂತ ಹುಡುಕುವ ಕಷ್ಟ ತಪ್ಪುತ್ತದೆ. ಪ್ರಬಂಧದಲ್ಲಿ 'ಅದು', 'ಇದು' ಹೆಚ್ಚಾದರೆ ಮೇಷ್ಟ್ರು ಕೆಂಪು ಗೆರೆ ಎಳೆಯುತ್ತಾರಲ್ಲ, ಅದೇ ನ್ಯಾಯ.

ಮೂರನೆಯದು, ಕೇಳದೇ ಇದ್ದರೂ ರೆಕಾರ್ಡರ್ ಸೇರಿಸುವ ಸಾಲುಗಳು. ಕಂಟ್ರೋಲ್ ಬಿ ಒತ್ತಿ ದಪ್ಪ ಮಾಡಿದರೆ ಒಂದೇ ಸಾಲು ದಾಖಲಾಗುತ್ತದೆ. ಅದನ್ನೇ ಫಾರ್ಮ್ಯಾಟ್ ಸೆಲ್ಸ್ ಪೆಟ್ಟಿಗೆ ತೆರೆದು ಮಾಡಿದರೆ ಫಾಂಟಿನ ಹೆಸರು, ಗಾತ್ರ, ಅಡ್ಡಗೆರೆ ಎಲ್ಲ ಸೇರಿ ಹತ್ತು ಹನ್ನೆರಡು ಸಾಲು ಬರುತ್ತವೆ. ಕನ್ನಡದವರಿಗೆ ಇದು ಬರೇ ಉದ್ದದ ಪ್ರಶ್ನೆಯಲ್ಲ. ನಿಮ್ಮ ಪಟ್ಟಿ ತುಂಗಾ ಫಾಂಟಿನಲ್ಲಿದ್ದು, ರೆಕಾರ್ಡ್ ಮಾಡಿದ ಸೆಲ್ಲಿನಲ್ಲಿ ಬೇರೆ ಫಾಂಟ್ ಇದ್ದರೆ, ದಪ್ಪ ಮಾಡಲು ಹೋದ ಮ್ಯಾಕ್ರೋ ಫಾಂಟನ್ನೂ ಬದಲಿಸಿಬಿಡುತ್ತದೆ. ನಿಮಗೆ ಬೇಕಾದ ಸಾಲು ಬೋಲ್ಡ್‌ನದು ಮಾತ್ರ. ಉಳಿದದ್ದನ್ನು ತೆಗೆಯಿರಿ.

5. ವಿಳಾಸ ಮತ್ತು ದಾರಿ

ಈಗ ಮುಖ್ಯ ವಿಷಯಕ್ಕೆ ಬರೋಣ. ಮ್ಯಾಕ್ರೋದ ಎಲ್ಲ ರೋಗಕ್ಕೂ ಮೂಲ 58 ಎಂಬ ಅಂಕೆ.

ರೆಕಾರ್ಡರಿನಲ್ಲಿ ಯೂಸ್ ರಿಲೇಟಿವ್ ರೆಫರೆನ್ಸಸ್ ಎಂಬ ಬಟನ್ ಇದೆ. ಅದನ್ನು ಒತ್ತದಿದ್ದರೆ ವಿಳಾಸ ಪಕ್ಕಾ ದಾಖಲಾಗುತ್ತದೆ: 'ಮೂರನೇ ಮಾಳಿಗೆ, 12ನೇ ಖೋಲಿ.' ಒತ್ತಿದರೆ ದಾರಿ ದಾಖಲಾಗುತ್ತದೆ: 'ನಾನು ನಿಂತಲ್ಲಿಂದ ಬಲಕ್ಕೆ ಎರಡನೇ ಖೋಲಿ.' ಒಂದೇ ಬಗೆಯ ತಿದ್ದುಪಡಿಯನ್ನು ಬೇರೆ ಬೇರೆ ಸಾಲುಗಳಲ್ಲಿ ಮಾಡುವುದಿದ್ದರೆ ಎರಡನೆಯದು ಉಪಯೋಗಕ್ಕೆ ಬರುತ್ತದೆ. ಆದರೆ ನಮ್ಮ ಪ್ರಶ್ನೆಗೆ ಎರಡೂ ಉತ್ತರವಲ್ಲ. ನಮಗೆ ಬೇಕಾದದ್ದು 'ಕಟ್ಟಡದ ಕೊನೆಯ ಖೋಲಿ ಯಾವುದೋ ಅದು.' ಅದನ್ನು ರೆಕಾರ್ಡರ್ ತಾನಾಗಿ ಬರೆಯಲಾರದು, ನಾವೇ ಬರೆಯಬೇಕು:

ಕೊನೆಸಾಲು = ಸೆಲ್ಸ್(ರೋಸ್.ಕೌಂಟ್, "ಬಿ").ಎಂಡ್(ಎಕ್ಸ್‌ಎಲ್‌ಅಪ್).ರೋ

ಬಲಗಡೆಯಿಂದ ಬಿಡಿಸಿಕೊಳ್ಳಿ. ರೋಸ್.ಕೌಂಟ್ ಅಂದರೆ ಹಾಳೆಯಲ್ಲಿರುವ ಒಟ್ಟು ಸಾಲು. 2007ರ ನಂತರದ ಎಕ್ಸೆಲ್‌ನಲ್ಲಿ ಅದು 10,48,576. ಬಿ ಕಾಲಮಿನ ತೀರ ಕೆಳಗಿನ ಆ ಸೆಲ್ಲಿನಲ್ಲಿ ನಿಂತು, ಮೇಲಕ್ಕೆ ಹೋಗುತ್ತ, ಮೊದಲು ಎದುರಾಗುವ ತುಂಬಿದ ಸೆಲ್ಲಿನ ಸಾಲು ಯಾವುದು ಅಂತ ಕೇಳುತ್ತಿದ್ದೇವೆ. ಇವತ್ತು 58 ಅನ್ನುತ್ತದೆ, ನಾಳೆ 59 ಅನ್ನುತ್ತದೆ, ಮುಂದೊಮ್ಮೆ 400 ಅಂದರೂ ನಾವು ತಿದ್ದಬೇಕಾದ್ದಿಲ್ಲ.

ಮೇಲಿನಿಂದ ಕೆಳಗೆ ಯಾಕೆ ಹುಡುಕಬಾರದು? ಹುಡುಕಬಹುದು, ಆದರೆ ನಡುವೆ ಒಂದು ಸೆಲ್ ಖಾಲಿಯಿದ್ದರೆ ಅಲ್ಲೇ ನಿಂತುಬಿಡುತ್ತದೆ. ಬಿ ಕಾಲಮೇ ಯಾಕೆ? ಯಾಕಂದರೆ ಹೆಸರಿಲ್ಲದ ಸದಸ್ಯ ಇರುವುದಿಲ್ಲ. ತಾರೀಕಿನ ಕಾಲಮನ್ನು ನಂಬಿದರೆ, ಕೊನೆಯ ಇಬ್ಬರು ಚಂದಾ ಕೊಡದಿದ್ದಾಗ ಅವರಿಬ್ಬರೂ ಪಟ್ಟಿಯಿಂದಲೇ ಹೊರಗೆ! ಇಂಥ ತೀರ್ಮಾನ ಕಂಪ್ಯೂಟರಿನದಲ್ಲ. ಸಂಘದ ವ್ಯವಹಾರ ತಿಳಿದ ನಿಮ್ಮದು.

ಕಾಲಮಿಗೂ ಹೀಗೆಯೇ. ತಲೆಬರಹದ ಸಾಲಿನಲ್ಲಿ ಬಲತುದಿಯಿಂದ ಎಡಕ್ಕೆ ಬರುತ್ತ ಹುಡುಕಬೇಕು:

ಕೊನೆಕಾಲಂ = ಸೆಲ್ಸ್(1, ಕಾಲಮ್ಸ್.ಕೌಂಟ್).ಎಂಡ್(ಎಕ್ಸ್‌ಎಲ್‌ಟುಲೆಫ್ಟ್).ಕಾಲಂ

ಖಜಾಂಚಿಯವರು ಎಫ್ ಕಾಲಮಿನಲ್ಲಿ 'ರಸೀತಿ' ಅಂತ ತಲೆಬರಹ ಬರೆದ ಕ್ಷಣದಿಂದ ಅದೂ ಪಟ್ಟಿಯ ಭಾಗವಾಗುತ್ತದೆ. ಒಂದೇ ಕರಾರು: ತಲೆಬರಹವಿಲ್ಲದೆ ಕಾಲಂ ಸೇರಿಸಬಾರದು. ಇದನ್ನು ಖಜಾಂಚಿಯವರಿಗೂ ಹೇಳಿಡಿ.

6. ಯಾವ ಹಾಳೆ?

ರೆಕಾರ್ಡರ್ ಜೋಡಣೆಯ ಸಾಲುಗಳಲ್ಲಿ ಶೀಟ್1 ಅಂತ ಹಾಳೆಯ ಹೆಸರನ್ನು ಬರೆಯುತ್ತದೆ. ದಪ್ಪ ಅಕ್ಷರದ ಸಾಲಿನಲ್ಲಿ ಬರೇ ರೇಂಜ್ ಅಂತ ಬರೆದು ಸುಮ್ಮನಾಗುತ್ತದೆ. ಬರೇ ರೇಂಜ್ ಅಂದರೆ ಆ ಹೊತ್ತಿಗೆ ಕಣ್ಣೆದುರು ತೆರೆದಿರುವ ಹಾಳೆ. ನೀವು ಖರ್ಚಿನ ಹಾಳೆ ತೆರೆದುಕೊಂಡು ಮ್ಯಾಕ್ರೋ ಓಡಿಸಿದರೆ ದಪ್ಪ ಅಕ್ಷರ ಆ ಹಾಳೆಯ ಮೇಲೆಯೇ ಬೀಳುತ್ತದೆ. ಇನ್ನು ಶೀಟ್1 ಎಂಬ ಹಾಳೆಯ ಹೆಸರನ್ನು ಯಾರಾದರೂ ಬದಲಿಸಿದರೆ ಮ್ಯಾಕ್ರೋ 9ನೇ ನಂಬರಿನ ದೋಷ ತೋರಿಸಿ ನಿಂತುಬಿಡುತ್ತದೆ. ನಿಲ್ಲುವುದು ಒಳ್ಳೆಯದೇ, ತಪ್ಪು ಜಾಗದಲ್ಲಿ ಸದ್ದಿಲ್ಲದೆ ಬರೆಯುವುದೇ ಅಪಾಯ.

ಇಲ್ಲಿ ಕನ್ನಡಿಗರಿಗೆ ಬರುವ ತೊಡಕೊಂದಿದೆ. ಎಕ್ಸೆಲ್ ಹಾಳೆಯಲ್ಲಿ ಕನ್ನಡ ಸಲೀಸಾಗಿ ಬರುತ್ತದೆ, ಹಾಳೆಗೆ 'ಚಂದಾ' ಅಂತ ಹೆಸರನ್ನೂ ಇಡಬಹುದು. ಆದರೆ ಮ್ಯಾಕ್ರೋ ಬರೆಯುವ ಸಂಪಾದಕ ಕಿಟಕಿ ಯುನಿಕೋಡಿಗಿಂತ ಹಿಂದಿನ ಪದ್ಧತಿಯಲ್ಲೇ ಉಳಿದಿದೆ. ಅಲ್ಲಿ ಕನ್ನಡ ಬರೆದರೆ ಅಕ್ಷರಕ್ಕೊಂದರಂತೆ ಪ್ರಶ್ನಾರ್ಥಕ ಚಿಹ್ನೆ ನಿಲ್ಲುತ್ತದೆ. ಸಿಆರ್‌ಎಚ್‌ಡಬ್ಲ್ಯೂ ಅಲ್ಲ, ಸಿಎಚ್‌ಆರ್‌ಡಬ್ಲ್ಯೂ ಎಂಬ ಸೂಚನೆಗೆ ಯುನಿಕೋಡ್ ಅಂಕೆ ಕೊಟ್ಟು ಒಂದೊಂದೇ ಅಕ್ಷರ ಪೋಣಿಸಬಹುದು. 3221 ಅಂದರೆ 'ಕ'. ಆದರೆ 'ಒಟ್ಟು ಚಂದಾ' ಅಂತ ಬರೆಯಲು ಹೀಗೆ ಮಣಿ ಪೋಣಿಸುತ್ತ ಕೂರುವುದು ಯಾರಿಗೆ ಬೇಕು?

ಸುಲಭದ ದಾರಿ ಇದು: ಕನ್ನಡವನ್ನೆಲ್ಲ ಹಾಳೆಯಲ್ಲೇ ಇಡಿ, ಮ್ಯಾಕ್ರೋ ಆ ಸೆಲ್ಲುಗಳನ್ನು ಬೆರಳಿಟ್ಟು ತೋರಿಸಲಿ. ಹಾಳೆಯನ್ನು ಕರೆಯಲು ಅದರ ಒಳಹೆಸರು ಬಳಸಿ. ಸಂಪಾದಕದ ಎಡಗಡೆ ಪ್ರತಿ ಹಾಳೆಗೂ ಎರಡು ಹೆಸರು ಕಾಣುತ್ತವೆ. ಆವರಣದೊಳಗಿನದು ಪಟ್ಟಿಯಲ್ಲಿ ಕಾಣುವ ಹೆಸರು; ಹೊರಗಿನದು ಒಳಹೆಸರು. ಮನೆಯಲ್ಲಿ ಕರೆಯುವ ಹೆಸರು ಒಂದು, ರೇಷನ್ ಕಾರ್ಡಿನ ಹೆಸರು ಇನ್ನೊಂದು ಇರುವ ಹಾಗೆ. ಹಾಳೆಗೆ ನೀವು 'ಚಂದಾ' ಅನ್ನಿ, 'ಸದಸ್ಯರು' ಅನ್ನಿ, ಒಳಹೆಸರು ಶೀಟ್1 ಆಗಿಯೇ ಇರುತ್ತದೆ. ಮ್ಯಾಕ್ರೋ ಅದೇ ಕಡತದೊಳಗೆ ಇರಬೇಕು ಎಂಬುದಷ್ಟೇ ಇದರ ಷರತ್ತು.

7. ಮೊತ್ತವನ್ನು ಎಲ್ಲಿಡಬೇಕು?

ಪಟ್ಟಿಯ ಕೆಳಗೆ ಮೊತ್ತ ಬರೆಯುವುದು ಕಾಗದದ ಕಾಲದ ಅಭ್ಯಾಸ. ಕಾಗದದಲ್ಲಿ ಪುಟ ಮುಗಿಯುತ್ತದೆ. ಇಲ್ಲಿ ಪಟ್ಟಿ ಬೆಳೆಯುತ್ತದೆ, ಮೊತ್ತ ಅದರ ದಾರಿಗೆ ಅಡ್ಡ ಕೂರುತ್ತದೆ. ಆದ್ದರಿಂದ ಎರಡನೆಯ ಹಾಳೆ ಮಾಡಿ. ಅದರ ಎ ಕಾಲಮಿನಲ್ಲಿ ಕೈಯಿಂದಲೇ ಒಮ್ಮೆ ಕನ್ನಡದಲ್ಲಿ ಬರೆದಿಡಿ: ಒಟ್ಟು ಚಂದಾ, ಒಟ್ಟು ಸದಸ್ಯರು, ಚಂದಾ ಕೊಟ್ಟವರು. ಪಕ್ಕದ ಬಿ ಕಾಲಮಿನಲ್ಲಿ ಅಂಕೆಯನ್ನು ಮ್ಯಾಕ್ರೋ ತುಂಬಲಿ.

ಒಂದು ಮೊತ್ತದ ಬದಲು ಮೂರು ಅಂಕೆ ಯಾಕೆ ಅಂದರೆ, ಒಂದು ಇನ್ನೊಂದಕ್ಕೆ ಸಾಕ್ಷಿ. ಯಾರೋ 200 ಅಂತ ಬರೆಯುವ ಬದಲು '200 ರೂ.' ಅಂತ ಬರೆದರೆ ಎಕ್ಸೆಲ್‌ಗೆ ಅದು ಬರಹ, ಅಂಕೆಯಲ್ಲ. ಕೂಡುವಾಗ ಅದನ್ನು ಬಿಟ್ಟುಬಿಡುತ್ತದೆ. ಕೌಂಟ್ ಎಂಬುದು ಅಂಕೆಗಳನ್ನು ಮಾತ್ರ ಎಣಿಸುತ್ತದೆ, ಕೌಂಟ್‌ಎ ಎಂಬುದು ತುಂಬಿದ ಸೆಲ್ಲುಗಳನ್ನೆಲ್ಲ ಎಣಿಸುತ್ತದೆ. ಎಲ್ಲರೂ ಕೊಟ್ಟಿರುವ ತಿಂಗಳಲ್ಲಿ ಸದಸ್ಯರು 58, ಕೊಟ್ಟವರು 57 ಅಂತ ಬಂದರೆ ಎಲ್ಲೋ ಎಡವಟ್ಟಾಗಿದೆ ಅಂತ ನೋಡಿದೊಡನೆ ತಿಳಿಯುತ್ತದೆ.

8. ತಿದ್ದಿದ ಪ್ರತಿ

ಎಲ್ಲ ಸೇರಿಸಿದರೆ ಹೀಗಾಗುತ್ತದೆ:

ಆಪ್ಷನ್ ಎಕ್ಸ್‌ಪ್ಲಿಸಿಟ್
ಸಬ್ ಚಂದಾಪಟ್ಟಿ()
ಡಿಮ್ ಕೊನೆಸಾಲು ಆ್ಯಸ್ ಲಾಂಗ್, ಕೊನೆಕಾಲಂ ಆ್ಯಸ್ ಲಾಂಗ್
ವಿತ್ ಶೀಟ್1
ಕೊನೆಸಾಲು = .ಸೆಲ್ಸ್(.ರೋಸ್.ಕೌಂಟ್, "ಬಿ").ಎಂಡ್(ಎಕ್ಸ್‌ಎಲ್‌ಅಪ್).ರೋ
ಕೊನೆಕಾಲಂ = .ಸೆಲ್ಸ್(1, .ಕಾಲಮ್ಸ್.ಕೌಂಟ್).ಎಂಡ್(ಎಕ್ಸ್‌ಎಲ್‌ಟುಲೆಫ್ಟ್).ಕಾಲಂ
ಇಫ್ ಕೊನೆಸಾಲು < 2 ದೆನ್ ಎಕ್ಸಿಟ್ ಸಬ್
.ರೇಂಜ್(.ಸೆಲ್ಸ್(1, 1), .ಸೆಲ್ಸ್(1, ಕೊನೆಕಾಲಂ)).ಫಾಂಟ್.ಬೋಲ್ಡ್ = ಟ್ರೂ
.ರೇಂಜ್(.ಸೆಲ್ಸ್(1, 1), .ಸೆಲ್ಸ್(ಕೊನೆಸಾಲು, ಕೊನೆಕಾಲಂ)).ಸಾರ್ಟ್ ಕೀ1:=.ರೇಂಜ್("ಸಿ1"), ಆರ್ಡರ್1:=ಎಕ್ಸ್‌ಎಲ್‌ಅಸೆಂಡಿಂಗ್, ಕೀ2:=.ರೇಂಜ್("ಬಿ1"), ಆರ್ಡರ್2:=ಎಕ್ಸ್‌ಎಲ್‌ಅಸೆಂಡಿಂಗ್, ಹೆಡರ್:=ಎಕ್ಸ್‌ಎಲ್‌ಯೆಸ್
ಶೀಟ್2.ರೇಂಜ್("ಬಿ1").ವ್ಯಾಲ್ಯೂ = ವರ್ಕ್‌ಶೀಟ್‌ಫಂಕ್ಷನ್.ಸಮ್(.ರೇಂಜ್("ಡಿ2:ಡಿ" & ಕೊನೆಸಾಲು))
ಶೀಟ್2.ರೇಂಜ್("ಬಿ2").ವ್ಯಾಲ್ಯೂ = ವರ್ಕ್‌ಶೀಟ್‌ಫಂಕ್ಷನ್.ಕೌಂಟ್‌ಎ(.ರೇಂಜ್("ಬಿ2:ಬಿ" & ಕೊನೆಸಾಲು))
ಶೀಟ್2.ರೇಂಜ್("ಬಿ3").ವ್ಯಾಲ್ಯೂ = ವರ್ಕ್‌ಶೀಟ್‌ಫಂಕ್ಷನ್.ಕೌಂಟ್(.ರೇಂಜ್("ಡಿ2:ಡಿ" & ಕೊನೆಸಾಲು))
ಎಂಡ್ ವಿತ್
ಎಂಡ್ ಸಬ್

ಕೆಲವು ಟಿಪ್ಪಣಿ. ಆಪ್ಷನ್ ಎಕ್ಸ್‌ಪ್ಲಿಸಿಟ್ ಎಂಬ ಮೊದಲ ಸಾಲಿದ್ದರೆ, ಘೋಷಿಸದ ಹೆಸರನ್ನು ಯಂತ್ರ ಒಪ್ಪುವುದಿಲ್ಲ. ನೀವು 'ಕೊನೆಸಾಲು' ಬದಲು 'ಕೊನೆಸಲು' ಅಂತ ಬರೆದರೆ ಓಡುವ ಮೊದಲೇ ತಡೆದು ಹೇಳುತ್ತದೆ. ಈ ಸಾಲಿಲ್ಲದಿದ್ದರೆ ಅದನ್ನು ಹೊಸ ಹೆಸರು ಅಂತ ತಿಳಿದು, ಖಾಲಿ ಬೆಲೆ ಇಟ್ಟುಕೊಂಡು ಮುಂದೆ ಹೋಗುತ್ತದೆ. ಲಾಂಗ್ ಅಂತ ಬರೆದದ್ದು ಯಾಕೆಂದರೆ ಇಂಟಿಜರ್ ಎಂಬ ಬಗೆಯಲ್ಲಿ 32,767ಕ್ಕಿಂತ ದೊಡ್ಡ ಅಂಕೆ ಹಿಡಿಸುವುದಿಲ್ಲ.

ವಿತ್ ಶೀಟ್1 ಆದ ಮೇಲೆ ಪ್ರತಿ ಶಬ್ದದ ಹಿಂದೆ ಇರುವ ಚುಕ್ಕೆಯನ್ನು ಮರೆಯಬೇಡಿ. ಆ ಚುಕ್ಕೆಯೇ 'ಶೀಟ್1ನ' ಎಂಬ ಷಷ್ಠಿ ವಿಭಕ್ತಿ. ಚುಕ್ಕೆ ಬಿಟ್ಟರೆ ಮತ್ತೆ ಯಾವ ಹಾಳೆ ಎದುರಿಗಿದೆಯೋ ಆ ಹಾಳೆಯ ಪಾಲು.

ಸದಸ್ಯರೇ ಇಲ್ಲದ ಖಾಲಿ ಹಾಳೆಯಾದರೆ 'ಇಫ್' ಸಾಲು ಮ್ಯಾಕ್ರೋವನ್ನು ಅಲ್ಲೇ ನಿಲ್ಲಿಸುತ್ತದೆ. ಮ್ಯಾಕ್ರೋ1 ಅಂತ ಇದ್ದ ಹೆಸರನ್ನೂ ಬದಲಿಸಿದ್ದೇವೆ. ಹತ್ತು ಮ್ಯಾಕ್ರೋ ಆದ ಮೇಲೆ ಮ್ಯಾಕ್ರೋ7 ಏನು ಮಾಡುತ್ತದೆ ಅಂತ ಯಾರಿಗೂ ನೆನಪಿರುವುದಿಲ್ಲ. ಹಾಗೆಯೇ ಒಂದು ಅಪಾಸ್ಟ್ರಫಿ ಚಿಹ್ನೆ ಹಾಕಿ ಅದರ ಮುಂದೆ ವಿವರಣೆ ಬರೆಯಬಹುದು; ಯಂತ್ರ ಅದನ್ನು ಓದುವುದಿಲ್ಲ, ಮುಂದಿನ ವರ್ಷದ ಕಾರ್ಯದರ್ಶಿ ಓದುತ್ತಾರೆ. ಅಲ್ಲಿಯೂ ಕನ್ನಡ ಅಕ್ಷರ ನಿಲ್ಲದ ಕಾರಣ, ಕನ್ನಡ ಮಾತನ್ನೇ ಇಂಗ್ಲಿಷ್ ಅಕ್ಷರದಲ್ಲಿ ಬರೆಯಿರಿ. ಏನು ಮಾಡುತ್ತದೆ ಅಂತ ಬರೆಯುವುದಕ್ಕಿಂತ ಯಾಕೆ ಅಂತ ಬರೆಯುವುದು ಒಳ್ಳೆಯದು: 'ಬಿ ಕಾಲಂ ಯಾಕೆಂದರೆ ಹೆಸರು ಎಲ್ಲರಿಗೂ ಇರುತ್ತದೆ.'

9. ಪರೀಕ್ಷೆ

ತಿದ್ದಿದ ಮ್ಯಾಕ್ರೋ ಒಮ್ಮೆ ಓಡಿತು ಅಂದ ಮಾತ್ರಕ್ಕೆ ಪಾಸಾಗಲಿಲ್ಲ. ತಿದ್ದದ್ದೂ ಮೊದಲ ತಿಂಗಳು ಓಡಿತ್ತಲ್ಲ! ನಕಲು ಹಾಳೆಗಳ ಮೇಲೆ ನಾಲ್ಕು ಬಗೆ ನೋಡಿ. ಒಬ್ಬನೂ ಇಲ್ಲದ ಪಟ್ಟಿ. ಒಬ್ಬನೇ ಇರುವ ಪಟ್ಟಿ. ಕೆಳಗೆ ಹೊಸಬನನ್ನು ಸೇರಿಸಿದ ಪಟ್ಟಿ. ಬಲಗಡೆ ಹೊಸ ಕಾಲಂ ಸೇರಿಸಿದ ಪಟ್ಟಿ. ಕೊನೆಯದರಲ್ಲಿ ಮೂರು ಜನರ ಹೆಸರು ಮತ್ತು ರಸೀತಿಯನ್ನು ಮೊದಲೇ ಕಾಗದದ ಮೇಲೆ ಬರೆದಿಟ್ಟುಕೊಂಡು, ಓಡಿಸಿದ ನಂತರ ತಾಳೆ ನೋಡಿ. ಬೇರೆ ಹಾಳೆ ತೆರೆದಿಟ್ಟುಕೊಂಡೂ ಒಮ್ಮೆ ಓಡಿಸಿ. ಎರಡು ಸಲ ಬೆನ್ನುಬೆನ್ನಿಗೆ ಓಡಿಸಿ. ಎರಡನೆಯ ಸಲ ಏನೂ ಬದಲಾಗಬಾರದು.

ಕಡತವನ್ನು ಈಮೇಲಿನಲ್ಲಿ ಕಳಿಸುವವರಿಗೆ ಒಂದು ಮಾತು. ಇಂಟರ್ನೆಟ್ಟಿನಿಂದ ಬಂದ ಕಡತಗಳ ಮ್ಯಾಕ್ರೋಗಳನ್ನು ಮೈಕ್ರೋಸಾಫ್ಟ್ 2022ರಿಂದ ತಾನಾಗಿಯೇ ತಡೆಯುತ್ತಿದೆ. ಮ್ಯಾಕ್ರೋ ಮೂಲಕ ಕೆಡುಕು ಮಾಡುವವರು ಬಹಳ ಇದ್ದುದರಿಂದ ಈ ಕಟ್ಟುನಿಟ್ಟು. ಕಳಿಸಿದವರು ಯಾರು, ಒಳಗೆ ಏನು ಬರೆದಿದೆ ಅಂತ ತಿಳಿಯದೆ ತಡೆಯನ್ನು ತೆಗೆಯಬೇಡಿ. ಈ ಪಾಠ ಕಲಿತವರು ಒಳಗೆ ಬರೆದದ್ದನ್ನು ಓದಿ ನೋಡಬಲ್ಲರು, ಅದೊಂದು ಲಾಭ.

ಎಕ್ಸೆಲ್ ಇಲ್ಲದವರು ನಿರಾಶರಾಗಬೇಕಾಗಿಲ್ಲ. ಲಿಬ್ರೆ ಆಫೀಸಿನಲ್ಲೂ ರೆಕಾರ್ಡರ್ ಇದೆ. ಟೂಲ್ಸ್, ಆಪ್ಷನ್ಸ್, ಅಡ್ವಾನ್ಸ್ಡ್‌ನಲ್ಲಿ ಅದನ್ನು ಮೊದಲು ಚಾಲೂ ಮಾಡಿಕೊಳ್ಳಬೇಕು. ಗೂಗಲ್ ಶೀಟ್ಸ್‌ನಲ್ಲಿ 2018ರಿಂದ ಇದೆ. ಭಾಷೆ ಬೇರೆಯಾದರೂ ಕೇಳಬೇಕಾದ ಪ್ರಶ್ನೆ ಎಲ್ಲ ಕಡೆಯೂ ಒಂದೇ: ಇಲ್ಲಿ ಬರೆದ ಅಂಕೆ ನಿಜವಾಗಿ ಅಂಕೆಯೋ, ಅಥವಾ 'ಕೊನೆಯವನು' ಎಂಬ ಮಾತಿಗೆ ಇವತ್ತು ಸಿಕ್ಕ ಉತ್ತರವೋ?

ಅಭ್ಯಾಸಕ್ಕೆ

1. ನಿಮ್ಮ ಕಾಲೇಜಿನ ಗೆಳೆಯರ ಹತ್ತು ಹೆಸರು, ಫೋನಿನ ಜಾಗದಲ್ಲಿ ಕಲ್ಪಿತ ಅಂಕೆ ಹಾಕಿ ಒಂದು ಪಟ್ಟಿ ಮಾಡಿ. ಹೆಸರಿನ ಪ್ರಕಾರ ಜೋಡಿಸುವುದನ್ನು ರೆಕಾರ್ಡ್ ಮಾಡಿ, ಅದರಲ್ಲಿ ಎಷ್ಟು ಕಡೆ ಕೊನೆಯ ಸಾಲಿನ ಅಂಕೆ ಬಂದಿದೆ ಎಣಿಸಿ.

2. ಸೆಲೆಕ್ಟ್ ಎಂಬ ಶಬ್ದ ಒಂದೂ ಇಲ್ಲದಂತೆ ಅದನ್ನು ತಿದ್ದಿ ಬರೆಯಿರಿ.

3. ಮೇಲಿನ ಚಂದಾಪಟ್ಟಿಯಲ್ಲಿ ಚಂದಾ ಕೊಡದವರ ಸಂಖ್ಯೆಯನ್ನು ಎರಡನೆಯ ಹಾಳೆಯ ಬಿ4ರಲ್ಲಿ ಬರೆಯಲು ಯಾವ ಸಾಲು ಸೇರಿಸಬೇಕು? (ಸುಳಿವು: ಬೇಕಾದ ಎರಡೂ ಅಂಕೆಗಳು ಆಗಲೇ ಅಲ್ಲಿವೆ.)

4. ಒಬ್ಬ ಸದಸ್ಯರು ಸಂಘ ಬಿಟ್ಟರೆಂದು ಅವರ ಹೆಸರನ್ನು ಮಾತ್ರ ಅಳಿಸಿ, ಸಾಲನ್ನು ಹಾಗೆಯೇ ಬಿಟ್ಟರೆ, ತಿದ್ದಿದ ಮ್ಯಾಕ್ರೋ ಏನು ಮಾಡುತ್ತದೆ? ಆ ಸಾಲು ಪಟ್ಟಿಯ ನಡುವಿನಲ್ಲಿದ್ದಾಗ, ಕೊನೆಯಲ್ಲಿದ್ದಾಗ, ಎರಡನ್ನೂ ಬೇರೆ ಬೇರೆ ನೋಡಿ. ಮೂರು ಅಂಕೆಗಳಲ್ಲಿ ಯಾವುದು ಅದನ್ನು ಬಯಲು ಮಾಡುತ್ತದೆ, ಯಾವುದು ಮುಚ್ಚಿಡುತ್ತದೆ? ಉತ್ತರವನ್ನು ಬರೆದು ಸಂಘದ ಫಲಕದ ಕೆಳಗಿನ ಪೆಟ್ಟಿಗೆಯಲ್ಲಿ ಹಾಕಿ. ಮುಂದಿನ ಸಂಚಿಕೆಯಲ್ಲಿ ಚರ್ಚಿಸೋಣ.